ಉರಿದ ನದಿ, ಹಸಿರಾದ ಸರೋವರ: ಅಮೆರಿಕದ ಪರಿಸರ ಕಾನೂನುಗಳು ನಡೆದುಬಂದ ದಾರಿ

ಅಮೆರಿಕದಲ್ಲಿ ಯಾವ ಹಳ್ಳ, ಯಾವ ಜೌಗು ನೆಲ ಫೆಡರಲ್ (ಕೇಂದ್ರ ಸರ್ಕಾರದ) ಕಾನೂನಿನ ರಕ್ಷಣೆಗೆ ಒಳಪಡುತ್ತದೆ ಎಂಬ ಪ್ರಶ್ನೆಗೆ ಕಳೆದ ಹತ್ತು ವರ್ಷಗಳಲ್ಲಿ ಒಂದು ಉತ್ತರ ಉಳಿದು ನಿಂತದ್ದಿಲ್ಲ. 2015ರಲ್ಲಿ ಒಂದು ನಿಯಮ ಬಂತು, 2019ರಲ್ಲಿ ರದ್ದಾಯಿತು. 2020ರಲ್ಲಿ ಅದಕ್ಕಿಂತ ಕಿರಿದಾದ ಇನ್ನೊಂದು ನಿಯಮ ಜಾರಿಯಾಯಿತು, ಮರುವರ್ಷ ನ್ಯಾಯಾಲಯವೊಂದು ಅದನ್ನು ತಳ್ಳಿಹಾಕಿತು. 2023ರ ಜನವರಿಯಲ್ಲಿ ಪ್ರಕಟವಾದ ಮೂರನೆಯ ನಿಯಮವನ್ನು ಅದೇ ವರ್ಷದ ಮೇ ತಿಂಗಳಲ್ಲಿ ಬಂದ ಸುಪ್ರೀಂ ಕೋರ್ಟಿನ ತೀರ್ಪು ಅಲುಗಿಸಿತು, ಕೆಲವೇ ತಿಂಗಳಲ್ಲಿ ಅದನ್ನು ತಿದ್ದಬೇಕಾಯಿತು. ಇಷ್ಟೆಲ್ಲ ಆದರೂ ಈ ನಿಯಮಗಳಿಗೆ ಆಧಾರವಾದ ಶುದ್ಧ ನೀರು ಕಾನೂನಿನ ವಾಕ್ಯ 1972ರಲ್ಲಿ ಬರೆದಂತೆಯೇ ಇದೆ. ಗಾಳಿಯ ವಿಷಯದಲ್ಲಿ, ಹವಾಮಾನದ ವಿಷಯದಲ್ಲಿ ನಡೆದಿರುವುದೂ ಹೆಚ್ಚುಕಡಿಮೆ ಇದೇ. ಕಾನೂನು ಕದಲದೆ ಇರುವಾಗ ಅದರ ಅರ್ಥ ಮಾತ್ರ ನಾಲ್ಕು ವರ್ಷಕ್ಕೊಮ್ಮೆ ಬದಲಾಗುವ ಸ್ಥಿತಿ ಹೇಗೆ ಬಂತೆಂದು ತಿಳಿಯಲು ಸ್ವಲ್ಪ ಹಿಂದಿನಿಂದ ನೋಡಬೇಕು.

ಆರಂಭದ ನೂರು ವರ್ಷಗಳ ಕಾನೂನುಗಳು ಮುಖ್ಯವಾಗಿ ನೆಲವನ್ನು ಕಾಯ್ದಿರಿಸುವ ಕಾನೂನುಗಳು. 1872ರಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾಯಿತು, 1891ರಲ್ಲಿ ಅರಣ್ಯಗಳನ್ನು ಮೀಸಲಿಡುವ ಅಧಿಕಾರ ಅಧ್ಯಕ್ಷರಿಗೆ ಸಿಕ್ಕಿತು, 1906ರಲ್ಲಿ ಸ್ಮಾರಕ ಪ್ರದೇಶಗಳನ್ನು ಘೋಷಿಸುವ ಅಧಿಕಾರವೂ ಬಂತು, 1916ರಲ್ಲಿ ಉದ್ಯಾನಗಳಿಗೊಂದು ಇಲಾಖೆ ಹುಟ್ಟಿತು. ಆ ನೆಲದಲ್ಲಿ ತಲೆಮಾರುಗಳಿಂದ ಬದುಕಿದ್ದ ಮೂಲನಿವಾಸಿಗಳನ್ನು ಹೊರಗಿಟ್ಟು ನಡೆದ ರಕ್ಷಣೆ ಅದು ಎಂಬುದನ್ನೂ ಹೇಳಲೇಬೇಕು. ಕಾಡನ್ನು ಜಾಣತನದಿಂದ ಬಳಸಬೇಕೆಂಬ ಅರಣ್ಯಾಧಿಕಾರಿ ಗಿಫರ್ಡ್ ಪಿಂಚೊಟ್ ಮತ್ತು ಮುಟ್ಟದೆ ಉಳಿಸಬೇಕೆಂಬ ಪ್ರಕೃತಿ ಲೇಖಕ ಜಾನ್ ಮ್ಯೂರ್ ನಡುವಿನ ಭಿನ್ನಾಭಿಪ್ರಾಯ ಯೊಸೆಮಿಟಿ ಉದ್ಯಾನದೊಳಗಿನ ಹೆಚ್ ಹೆಚಿ ಕಣಿವೆಯಲ್ಲಿ ಮುಖಾಮುಖಿಯಾಯಿತು. 1913ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕುಡಿಯುವ ನೀರಿಗಾಗಿ ಅಲ್ಲಿ ಅಣೆಕಟ್ಟು ಕಟ್ಟಲು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಒಪ್ಪಿತು. ಆದರೆ ಇವರಿಬ್ಬರ ಚರ್ಚೆಯೂ ಜನವಸತಿಯಿಂದ ದೂರದ ಭೂಮಿಯನ್ನು ಕುರಿತದ್ದು. ಕಾರ್ಖಾನೆಯ ಪಕ್ಕದಲ್ಲಿ ಮನೆ ಮಾಡಿಕೊಂಡವರು ಉಸಿರಾಡುವ ಗಾಳಿಗೆ, ಕುಡಿಯುವ ನೀರಿಗೆ ಹೇಳಿಕೊಳ್ಳುವಂಥ ಫೆಡರಲ್ ಕಾನೂನು ಇರಲಿಲ್ಲ. 1948ರ ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾದ ಡೊನೋರಾ ಪಟ್ಟಣದ ಮೇಲೆ ಸತು ಮತ್ತು ಉಕ್ಕಿನ ಕಾರ್ಖಾನೆಗಳ ಹೊಗೆ ದಿನಗಟ್ಟಲೆ ಕವಿದು 20 ಮಂದಿ ಸತ್ತರು, ಸಾವಿರಾರು ಜನ ಹಾಸಿಗೆ ಹಿಡಿದರು. ಆಮೇಲೆ ಬಂದ 1955ರ ವಾಯು ಕಾನೂನು ಸಂಶೋಧನೆಗೆ ಹಣ ಕೊಟ್ಟಿತು, ನಿಯಂತ್ರಣವನ್ನು ರಾಜ್ಯಗಳ ಪಾಲಿಗೆ ಬಿಟ್ಟಿತು.

ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ ನಡುವೆ ಹರಿದು ಈರಿ ಸರೋವರ ಸೇರುವ ಕಯಹೋಗಾ ನದಿಗೆ 1969ರ ಜೂನ್ 22ರಂದು ಬೆಂಕಿ ಬಿತ್ತು. ನೀರಿನ ಮೇಲೆ ತೇಲುತ್ತಿದ್ದ ಎಣ್ಣೆ ಮತ್ತು ಕಸ ಹೊತ್ತಿಕೊಂಡು ರೈಲು ಸೇತುವೆಗಳಿಗೆ ಹಾನಿಯಾಯಿತು, ಅರ್ಧ ಗಂಟೆಯೊಳಗೆ ಬೆಂಕಿ ಆರಿತು. ನಿಜ ಹೇಳಬೇಕೆಂದರೆ ಇದು ಆ ನದಿಯ ಮೊದಲ ಬೆಂಕಿಯೂ ಅಲ್ಲ, ದೊಡ್ಡದೂ ಅಲ್ಲ. ಹತ್ತೊಂಬತ್ತನೆಯ ಶತಮಾನದಿಂದಲೂ ಅದು ಹಲವು ಬಾರಿ ಉರಿದಿತ್ತು, 1952ರ ಬೆಂಕಿ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ನಷ್ಟ ಮಾಡಿತ್ತು. ಈ ಸಲ ರಾಷ್ಟ್ರೀಯ ಪತ್ರಿಕೆಯೊಂದು ಸುದ್ದಿಯ ಜೊತೆ ಅಚ್ಚು ಹಾಕಿದ ಚಿತ್ರವೂ 1952ರದ್ದೇ. ಬದಲಾಗಿದ್ದು ನೋಡುವ ಜನ. ಅದೇ ವರ್ಷದ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಕರಾವಳಿಯಲ್ಲಿ ಕಚ್ಚಾ ತೈಲ ಸೋರಿ ಎಣ್ಣೆ ಮೆತ್ತಿದ ಹಕ್ಕಿಗಳನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತ್ತು.

ಕ್ಲೀವ್‌ಲ್ಯಾಂಡಿನ ಮೇಯರ್ ಕಾರ್ಲ್ ಸ್ಟೋಕ್ಸ್ ಬೆಂಕಿಯ ಮರುದಿನವೇ ಪತ್ರಕರ್ತರನ್ನು ನದಿಯ ದಂಡೆಗೆ ಕರೆದೊಯ್ದರು. ನದಿಯ ಶುದ್ಧೀಕರಣಕ್ಕಾಗಿ 10 ಕೋಟಿ ಡಾಲರ್ ಸಾಲಪತ್ರ ಎತ್ತಲು ಆ ನಗರದ ಮತದಾರರು ಹಿಂದಿನ ವರ್ಷವೇ ಒಪ್ಪಿಗೆ ಕೊಟ್ಟಿದ್ದರು. ಆದರೆ ನದಿಗೆ ತ್ಯಾಜ್ಯ ಬಿಡುವ ಕಾರ್ಖಾನೆಗಳಿಗೆ ಪರವಾನಗಿ ಕೊಡುವುದು ರಾಜ್ಯ ಸರ್ಕಾರವಾದ್ದರಿಂದ ನಗರದ ಕೈ ಕಟ್ಟಿತ್ತು. 1965ರ ಫೆಡರಲ್ ಕಾನೂನಿನ ಪ್ರಕಾರ ನದಿಯ ನೀರು ಇಷ್ಟು ಶುದ್ಧವಿರಬೇಕೆಂದು ಮಾನದಂಡ ಗೊತ್ತುಮಾಡಬೇಕಾದದ್ದೂ ರಾಜ್ಯಗಳೇ. ನೀರು ಆ ಮಟ್ಟಕ್ಕಿಂತ ಕೆಟ್ಟಿದೆ ಎಂದು ಗೊತ್ತಾದರೂ, ದಂಡೆಯುದ್ದಕ್ಕೂ ಇರುವ ಹತ್ತಾರು ಕೊಳವೆಗಳಲ್ಲಿ ಯಾವುದರಿಂದ ಎಷ್ಟು ಕೆಟ್ಟಿತೆಂದು ಸಾಬೀತುಪಡಿಸುವುದು ದೂರುದಾರರ ಹೊಣೆಯಾಗಿತ್ತು, ಅದು ಆಗದ ಮಾತಾಗಿತ್ತು.

ಕ್ರಮ ಕೈಗೊಳ್ಳಲು ಬೇರೆ ದಾರಿ ಕಾಣದೆ ಅಧಿಕಾರಿಗಳು 1899ರ ಒಂದು ಹಳೆಯ ಕಾನೂನನ್ನು ಹುಡುಕಿ ತೆಗೆದರು. ಹಡಗು ಸಂಚಾರಕ್ಕೆ ಅಡ್ಡಿಯಾಗದಿರಲೆಂದು ಮಾಡಿದ್ದ ಆ ಕಾನೂನು, ಸೇನಾ ಎಂಜಿನಿಯರುಗಳ ಅನುಮತಿಯಿಲ್ಲದೆ ನದಿಗೆ ಕಸ ಸುರಿಯುವುದನ್ನೇ ನಿಷೇಧಿಸಿತ್ತು. 1970ರ ಡಿಸೆಂಬರಿನಲ್ಲಿ ಅಧ್ಯಕ್ಷ ನಿಕ್ಸನ್ ಅದರ ಆಧಾರದ ಮೇಲೆ ಕಾರ್ಖಾನೆಗಳಿಗೆ ಪರವಾನಗಿ ವ್ಯವಸ್ಥೆಯನ್ನು ಘೋಷಿಸಿದರು. ನೀರು ಎಷ್ಟು ಕೆಟ್ಟಿದೆ ಎಂದು ಕೇಳುವ ಬದಲು ಬಿಡಲು ಅನುಮತಿ ಇದೆಯೇ ಎಂದು ಕೇಳುವ ಈ ಸರಳ ವಿಚಾರ ಮುಂದಿನ ದೊಡ್ಡ ಕಾನೂನಿಗೆ ಬುನಾದಿಯಾಯಿತು.

ಅಷ್ಟರಲ್ಲಿ ವಾಷಿಂಗ್ಟನ್ನಿನಲ್ಲಿ ಹಿಂದೆಂದೂ ಕಾಣದ ಹುರುಪು ಮೂಡಿತ್ತು. ಸರ್ಕಾರವು ಯಾವುದೇ ದೊಡ್ಡ ಯೋಜನೆಗೆ ಮುನ್ನ ಪರಿಸರದ ಮೇಲಾಗುವ ಪರಿಣಾಮವನ್ನು ಬರೆದಿಡಬೇಕೆಂಬ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಗೆ ನಿಕ್ಸನ್ 1970ರ ಜನವರಿ 1ರಂದು ಸಹಿ ಹಾಕಿದರು. ಏಪ್ರಿಲ್ 22ರ ಮೊದಲ ಭೂಮಿ ದಿನದಂದು ಸುಮಾರು 2 ಕೋಟಿ ಜನ ಬೀದಿಗಿಳಿದರು. ಡಿಸೆಂಬರ್ 2ರಂದು ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಕೆಲಸ ಶುರುಮಾಡಿತು. ಸೆನೆಟರ್ ಎಡ್ಮಂಡ್ ಮಸ್ಕಿ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಶುದ್ಧ ವಾಯು ಮಸೂದೆ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್‌ನಲ್ಲಿ 73–0 ಮತಗಳಿಂದ ಅಂಗೀಕಾರವಾಗಿ ಆ ವರ್ಷದ ಕೊನೆಯ ದಿನ ಕಾನೂನಾಯಿತು. ಸರ್ಕಾರ ಸುಮ್ಮನಿದ್ದರೆ ಸಾಮಾನ್ಯ ನಾಗರಿಕರೇ ನ್ಯಾಯಾಲಯಕ್ಕೆ ಹೋಗಬಹುದೆಂಬ ಅವಕಾಶ ಆ ಕಾನೂನಿನಲ್ಲಿತ್ತು. ಮುಂದಿನ ಐವತ್ತು ವರ್ಷಗಳಲ್ಲಿ ಈ ಕಾನೂನುಗಳಿಗೆ ಉಸಿರು ತುಂಬಿದ್ದು ಬಹುಪಾಲು ಆ ಅವಕಾಶವೇ.

ನೀರಿನ ಮಸೂದೆ ಅಷ್ಟು ಸುಲಭವಾಗಿ ದಡ ಸೇರಲಿಲ್ಲ. ನಗರಗಳ ಕೊಳಚೆ ನೀರು ಸಂಸ್ಕರಣಾ ಘಟಕಗಳ ವೆಚ್ಚದಲ್ಲಿ ಶೇ 75ರಷ್ಟನ್ನು ಫೆಡರಲ್ ಸರ್ಕಾರವೇ ಭರಿಸಬೇಕೆಂದು ಅದು ಹೇಳಿತ್ತು. ಒಟ್ಟು 2,400 ಕೋಟಿ ಡಾಲರ್ ಹೊರೆ ತಾಳಲಾಗದೆಂದು ನಿಕ್ಸನ್ 1972ರ ಅಕ್ಟೋಬರ್ 17ರಂದು ವೀಟೊ ಚಲಾಯಿಸಿದರು. ಮರುದಿನವೇ ಸೆನೆಟ್ 52–12ರಿಂದಲೂ ಕೆಳಮನೆಯಾದ ಪ್ರತಿನಿಧಿ ಸಭೆ 247–23ರಿಂದಲೂ ಆ ವೀಟೊವನ್ನು ಮೀರಿ ಮಸೂದೆಯನ್ನು ಕಾನೂನಾಗಿಸಿದವು. ಅಧ್ಯಕ್ಷರ ಸ್ವಂತ ಪಕ್ಷದ ಅನೇಕ ಸದಸ್ಯರೂ ಅವರ ವಿರುದ್ಧ ಮತ ಹಾಕಿದ್ದರು. ಆಮೇಲೂ ನಿಕ್ಸನ್ ಸರ್ಕಾರ ಹಣದ ದೊಡ್ಡ ಪಾಲನ್ನು ತಡೆಹಿಡಿದಾಗ ನ್ಯೂಯಾರ್ಕ್ ನಗರ ಕೋರ್ಟಿಗೆ ಹೋಯಿತು. ಕಾಂಗ್ರೆಸ್ ಮಂಜೂರು ಮಾಡಿದ್ದನ್ನು ಹೀಗೆ ಹಿಡಿದಿಡಲು ಆ ಕಾನೂನು ಬಿಡುವುದಿಲ್ಲವೆಂದು ಸುಪ್ರೀಂ ಕೋರ್ಟ್ 1975ರಲ್ಲಿ ಹೇಳಿತು.

ಆ ಕಾನೂನಿನ ಶಕ್ತಿ ಅದರ ಗುರಿಗಳಲ್ಲಿ ಇರಲಿಲ್ಲ. 1985ರ ಹೊತ್ತಿಗೆ ನೀರಿಗೆ ಮಾಲಿನ್ಯ ಬಿಡುವುದು ಪೂರ್ತಿ ನಿಲ್ಲಬೇಕೆಂಬ ಅದರ ಗುರಿ ಇಂದಿಗೂ ಈಡೇರಿಲ್ಲ. ಶಕ್ತಿ ಇದ್ದದ್ದು ಸಾಕ್ಷ್ಯದ ಹೊರೆಯನ್ನು ತಿರುಗಿಸಿದ್ದರಲ್ಲಿ. ಪರವಾನಗಿಯಿಲ್ಲದೆ ಕೊಳವೆಯಿಂದ ಮಾಲಿನ್ಯ ಬಿಡುವುದೇ ಅಪರಾಧ. ಪರವಾನಗಿಯಲ್ಲಿ ಪ್ರತಿ ವಸ್ತುವಿನ ಮಿತಿ ಬರೆದಿರುತ್ತದೆ, ಆ ಮಿತಿ ಲಭ್ಯವಿರುವ ತಂತ್ರಜ್ಞಾನವನ್ನು ಆಧರಿಸಿರುತ್ತದೆ, ಕಾರ್ಖಾನೆಯೇ ಅಳೆದು ವರದಿ ಕೊಡಬೇಕು, ಆ ವರದಿಯನ್ನು ಯಾರು ಬೇಕಾದರೂ ಓದಬಹುದು. ಬರೆದ ಮಿತಿಗಿಂತ ವರದಿಯ ಅಂಕಿ ಹೆಚ್ಚಿದ್ದರೆ ಮೊಕದ್ದಮೆಗೆ ಬೇರೆ ಸಾಕ್ಷಿ ಬೇಕಿಲ್ಲ. ನದಿಯಲ್ಲಿ ಬೆಂಕಿ ಬಿದ್ದು 50 ವರ್ಷವಾದಾಗ, 2019ರಲ್ಲಿ, ಕಯಹೋಗಾದ ಮೀನನ್ನು ತಿನ್ನಬಹುದೆಂದು ಅಧಿಕಾರಿಗಳು ಪ್ರಕಟಿಸಿದರು. ಮೀನೇ ಇಲ್ಲದ ಹರಿವುಗಳಿದ್ದ ನದಿ ಅದು.

ಆದರೆ ಕೊಳವೆಯನ್ನು ಹಿಡಿದ ಕಾನೂನು ಹೊಲವನ್ನು ಬಿಟ್ಟಿತು. ಮಳೆಗೆ ಹೊಲದಿಂದ ಕೊಚ್ಚಿ ಬರುವ ಗೊಬ್ಬರಕ್ಕೆ ಪರವಾನಗಿ ಬೇಕಿಲ್ಲ. ನೀರಾವರಿಯಿಂದ ಮರಳುವ ನೀರಿಗೆ 1977ರಲ್ಲಿಯೂ ಕೃಷಿ ಭೂಮಿಯ ಮಳೆನೀರಿಗೆ 1987ರಲ್ಲಿಯೂ ಸ್ಪಷ್ಟ ಮಾತುಗಳಲ್ಲಿ ವಿನಾಯಿತಿ ಸಿಕ್ಕಿತು. ಲಕ್ಷಾಂತರ ರೈತರಿಗೆ ಪರವಾನಗಿ ಕೊಡುವುದು ಆಡಳಿತಕ್ಕೆ ಸಾಧ್ಯವೇ, ಬೆಲೆ ಕುಸಿತದಲ್ಲಿ ಬೇಯುತ್ತಿರುವ ಬೇಸಾಯಗಾರನ ಮೇಲೆ ಇನ್ನೊಂದು ಹೊರೆ ಹೇರಬೇಕೇ ಎಂಬ ಪ್ರಶ್ನೆಗಳು ಸುಳ್ಳಲ್ಲ. ಆದರೂ ಅವಕ್ಕೆ ಉತ್ತರ ಹುಡುಕುವುದನ್ನು ಮುಂದಿನವರಿಗೆ ಬಿಟ್ಟದ್ದು ದುಬಾರಿಯಾಯಿತು.

ಉಳಿದ ಕಾನೂನುಗಳು ಒಂದರ ಹಿಂದೊಂದು ಬಂದವು. 1973ರಲ್ಲಿ ಅಳಿವಿನಂಚಿನ ಜೀವಿಗಳ ಕಾಯ್ದೆ, 1974ರಲ್ಲಿ ಕುಡಿಯುವ ನೀರಿನದು, 1976ರಲ್ಲಿ ಅಪಾಯಕಾರಿ ತ್ಯಾಜ್ಯದ್ದು, ನಯಾಗರಾ ಬಳಿಯ ಲವ್ ಕೆನಾಲ್ ಬಡಾವಣೆಯ ಅಡಿಯಲ್ಲಿ ಹೂತಿದ್ದ ರಾಸಾಯನಿಕಗಳು ಮನೆಗಳಿಗೆ ಜಿನುಗಿದ ಮೇಲೆ 1980ರಲ್ಲಿ ಹಳೆಯ ವಿಷ ನೆಲಗಳನ್ನು ಶುದ್ಧಗೊಳಿಸುವ ಸೂಪರ್‌ಫಂಡ್. ನಮ್ಮ ದೇಶದ ದುರಂತವೊಂದು ಅಲ್ಲಿನ ಕಾನೂನಿಗೆ ಕಾರಣವಾದದ್ದೂ ಈ ಸರಣಿಯಲ್ಲೇ. 1984ರ ಡಿಸೆಂಬರಿನಲ್ಲಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಅನಿಲ ಸೋರಿದಾಗ, ಅದೇ ಕಂಪನಿಯ ಸೋದರ ಘಟಕ ವೆಸ್ಟ್ ವರ್ಜೀನಿಯಾದ ಇನ್‌ಸ್ಟಿಟ್ಯೂಟ್ ಎಂಬ ಊರಿನಲ್ಲಿತ್ತು. 1985ರ ಆಗಸ್ಟಿನಲ್ಲಿ ಅಲ್ಲಿಯೂ ರಾಸಾಯನಿಕ ಸೋರಿ ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಮರುವರ್ಷ ಬಂದ ಕಾನೂನಿನಿಂದ, ಕಾರ್ಖಾನೆಯೊಳಗೆ ಯಾವ ವಿಷವಿದೆ, ವರ್ಷಕ್ಕೆ ಎಷ್ಟು ಹೊರಬೀಳುತ್ತದೆ ಎಂದು ಸುತ್ತಲಿನ ಜನರಿಗೆ ತಿಳಿಸುವುದು ಕಡ್ಡಾಯವಾಯಿತು. ಭೋಪಾಲದ ಆ ಬಸ್ತಿಗಳ ಜನಕ್ಕೆ ಆ ರಾತ್ರಿಗೆ ಮುಂಚೆ ಯಾರೂ ಹೇಳದಿದ್ದ ಮಾಹಿತಿ ಅದೇ.

1990ರಲ್ಲಿ ಆಮ್ಲಮಳೆಯನ್ನು ತಡೆಯಲು ವಾಯು ಕಾನೂನಿಗೆ ಎರಡೂ ಪಕ್ಷಗಳು ಕೂಡಿ ದೊಡ್ಡ ತಿದ್ದುಪಡಿ ತಂದವು. ಆ ಪ್ರಮಾಣದ ಒಮ್ಮತ ಮತ್ತೆ ಕಾಣಲಿಲ್ಲ. 1996ರಲ್ಲಿ ಕುಡಿಯುವ ನೀರಿನ, 2016ರಲ್ಲಿ ವಿಷ ರಾಸಾಯನಿಕಗಳ ಕಾನೂನು ಪರಿಷ್ಕಾರವಾದದ್ದು ಬಿಟ್ಟರೆ ಮುಖ್ಯ ಕಾನೂನುಗಳನ್ನು ಕಾಂಗ್ರೆಸ್ ಬಹುಮಟ್ಟಿಗೆ ಮುಟ್ಟಿಲ್ಲ. ಇಂಗಾಲಕ್ಕೆ ಮಿತಿ ಹಾಕುವ ಮಸೂದೆ 2009ರಲ್ಲಿ ಪ್ರತಿನಿಧಿ ಸಭೆಯಲ್ಲಿ 219–212ರಿಂದ ಗೆದ್ದರೂ ಸೆನೆಟ್‌ನಲ್ಲಿ ಮತಕ್ಕೇ ಬರಲಿಲ್ಲ. 2022ರ ಕಾನೂನು ಶುದ್ಧ ಇಂಧನಕ್ಕೆ ಮುಖ್ಯವಾಗಿ ತೆರಿಗೆ ರಿಯಾಯಿತಿ ಮತ್ತು ಸಹಾಯಧನ ಕೊಟ್ಟಿತು. ಕಲ್ಲಿದ್ದಲಿನ ಊರುಗಳಿಗೆ ಉದ್ಯೋಗದ ಭಯ, ನಗರಗಳಿಗೆ ಶಾಖದ ಭಯ, ಎರಡೂ ನಿಜವಾದವು. ಅವನ್ನು ಎದುರುಬದುರು ಕೂರಿಸಿ ಮಾತಾಡಬೇಕಾದ ಸಭೆಯಲ್ಲಿ ಮಾತು ನಿಂತಿತು.

ಶಾಸನ ಸಭೆ ಬಿಟ್ಟ ಜಾಗದಲ್ಲಿ ಇಪಿಎ ಮತ್ತು ನ್ಯಾಯಾಲಯಗಳು ನಿಂತವು. 1970ರ ವಾಯು ಕಾನೂನಿನ ಮಾತುಗಳು ಇಂಗಾಲದ ಡೈಆಕ್ಸೈಡಿನಂಥ ಭೂಮಿಯನ್ನು ಬಿಸಿಮಾಡುವ ಅನಿಲಗಳನ್ನೂ ಒಳಗೊಳ್ಳುತ್ತವೆ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ 5–4ರಿಂದ ತೀರ್ಪಿತ್ತಿತು. ಆ ಅನಿಲಗಳಿಂದ ಜನರ ಆರೋಗ್ಯಕ್ಕೆ ಅಪಾಯವಿದೆ ಎಂದು 2009ರಲ್ಲಿ ಇಪಿಎ ಘೋಷಿಸಿತು, 2015ರಲ್ಲಿ ವಿದ್ಯುತ್ ಸ್ಥಾವರಗಳಿಗೆ ನಿಯಮ ಮಾಡಿತು. 2022ರಲ್ಲಿ ಅದೇ ಕೋರ್ಟ್ 6–3ರಿಂದ, ಇಷ್ಟು ದೊಡ್ಡ ಬದಲಾವಣೆಗೆ ಕಾಂಗ್ರೆಸ್ಸಿನ ಸ್ಪಷ್ಟ ಆದೇಶ ಬೇಕೆಂದಿತು. ಅಸ್ಪಷ್ಟ ಕಾನೂನಿನ ವಿಷಯದಲ್ಲಿ ತಜ್ಞ ಸಂಸ್ಥೆಯ ವ್ಯಾಖ್ಯಾನಕ್ಕೆ ಮನ್ನಣೆ ಕೊಡುವ 1984ರ ತತ್ವವನ್ನು 2024ರಲ್ಲಿ ಕೈಬಿಟ್ಟಿತು. 2009ರ ಘೋಷಣೆಯನ್ನೇ ಹಿಂತೆಗೆಯುವ ಪ್ರಸ್ತಾಪವನ್ನು ಇಪಿಎ 2025ರ ಜುಲೈನಲ್ಲಿ ಮುಂದಿಟ್ಟಿತು.

ನೀರಿನ ಕಾನೂನು ಅನ್ವಯಿಸುವುದು ‘ಅಮೆರಿಕ ಸಂಯುಕ್ತ ಸಂಸ್ಥಾನದ ನೀರಿಗೆ’ ಎಂದು 1972ರಲ್ಲಿ ಬರೆದವರು ಅದನ್ನು ಬಿಡಿಸಿ ಹೇಳಿರಲಿಲ್ಲ. ಲೇಖನದ ಮೊದಲಿಗೆ ಹೇಳಿದ ಜಗ್ಗಾಟವೆಲ್ಲ ಇದರ ಸುತ್ತಲಿನದು. ಐಡಾಹೋ ರಾಜ್ಯದ ಪ್ರೀಸ್ಟ್ ಸರೋವರದ ಬಳಿ ಮನೆ ಕಟ್ಟಲು ಮಣ್ಣು ತುಂಬಿಸಿದ ದಂಪತಿಗೆ, ಅದು ಜೌಗು ನೆಲವೆಂದು 2007ರಲ್ಲಿ ಇಪಿಎ ತಡೆಯೊಡ್ಡಿತು. ಹದಿನಾರು ವರ್ಷಗಳ ಬಳಿಕ ಸುಪ್ರೀಂ ಕೋರ್ಟ್ ದಂಪತಿಯ ಪರ ನಿಂತಿತು. ಹೊಳೆ, ಕೆರೆಗಳೊಂದಿಗೆ ನೆಲದ ಮೇಲ್ಮೈಯಲ್ಲಿ ಕಡಿಯದ ನೀರಿನ ಸಂಬಂಧವಿದ್ದರೆ ಮಾತ್ರ ಜೌಗು ನೆಲಕ್ಕೆ ರಕ್ಷಣೆ ಎಂದು ಐವರು ನ್ಯಾಯಮೂರ್ತಿಗಳು ಹೇಳಿದರು. ಹದಿನಾರು ವರ್ಷ ತಮ್ಮ ನಿವೇಶನದ ಗತಿ ತಿಳಿಯದೆ ಕಾಯುವುದು ಯಾರಿಗೂ ನ್ಯಾಯವಲ್ಲ. ಆದರೆ ನೀರು ನೆಲದಡಿಯಲ್ಲೂ ಹರಿಯುತ್ತದೆ. ನಡುವೆ ಒಡ್ಡು ಇದ್ದ ಮಾತ್ರಕ್ಕೆ ಆಚೆಯ ಜೌಗು ನೆಲ ನೆರೆಯನ್ನು ಹೀರುವುದನ್ನಾಗಲಿ ಗೊಬ್ಬರದ ಅಂಶವನ್ನು ಸೋಸುವುದನ್ನಾಗಲಿ ನಿಲ್ಲಿಸುವುದಿಲ್ಲ.

ಈ ಸೋಸುವ ಕೆಲಸದ ಬೆಲೆ ಈರಿ ಸರೋವರದ ಪಶ್ಚಿಮ ತುದಿಯಲ್ಲಿ ಕಾಣುತ್ತದೆ. ಮಾಮಿ ನದಿ ಅಲ್ಲಿ ಸರೋವರ ಸೇರುತ್ತದೆ. ಅದರ ಇಕ್ಕೆಲದ ಬಯಲು ಒಂದು ಕಾಲಕ್ಕೆ ಗ್ರೇಟ್ ಬ್ಲ್ಯಾಕ್ ಸ್ವಾಂಪ್ ಎಂಬ ವಿಶಾಲ ಜೌಗು ಪ್ರದೇಶವಾಗಿತ್ತು, ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಬಸಿದು ಮೆಕ್ಕೆಜೋಳ, ಸೋಯಾ ಬೆಳೆಯುವ ಹೊಲ ಮಾಡಲಾಯಿತು. ಇಂದು ಆ ಹೊಲಗಳ ಗೊಬ್ಬರದಲ್ಲಿರುವ, ಪಾಚಿಗೆ ಆಹಾರವಾಗುವ ರಂಜಕ ನೆಲದಡಿಯ ಬಸಿಗಾಲುವೆ ಕೊಳವೆಗಳ ಮೂಲಕ ನೇರ ನದಿಗೆ ಇಳಿಯುತ್ತದೆ. 1970ರ ದಶಕದಲ್ಲಿ ಸಂಸ್ಕರಣಾ ಘಟಕಗಳಿಂದಾಗಿ ಚೇತರಿಸಿಕೊಂಡಿದ್ದ ಸರೋವರದಲ್ಲಿ 1990ರ ದಶಕದಿಂದ ವಿಷಪಾಚಿ ಮತ್ತೆ ಹಬ್ಬಿತು. 2014ರ ಆಗಸ್ಟಿನಲ್ಲಿ ಟೊಲೀಡೊ ನಗರದ 4 ಲಕ್ಷಕ್ಕೂ ಹೆಚ್ಚು ಜನರಿಗೆ ಎರಡು ಮೂರು ದಿನ ನಲ್ಲಿ ನೀರನ್ನು ಕುಡಿಯಬೇಡಿ, ಕುದಿಸಲೂ ಬೇಡಿ ಎಂದು ಎಚ್ಚರಿಸಲಾಯಿತು. ಕುದಿಸಿದರೆ ಆ ವಿಷ ಇನ್ನಷ್ಟು ಸಾಂದ್ರವಾಗುತ್ತದೆ. 2019ರಲ್ಲಿ ನಗರದ ಮತದಾರರು ಸರೋವರಕ್ಕೇ ಕಾನೂನಿನ ಹಕ್ಕು ಕೊಡುವ ತಿದ್ದುಪಡಿಯನ್ನು ಗೆಲ್ಲಿಸಿದರು, ಮರುವರ್ಷ ಫೆಡರಲ್ ನ್ಯಾಯಾಲಯ ಅದನ್ನು ರದ್ದುಮಾಡಿತು.

ಮಾಮಿ ನದಿಗೆ ಎಷ್ಟು ರಂಜಕ ಸೇರಬಹುದೆಂಬ ಮಿತಿಯನ್ನು ಓಹಾಯೊ ರಾಜ್ಯ ಕೊನೆಗೂ ಲೆಕ್ಕಹಾಕಿತು, ಇಪಿಎ 2023ರ ಸೆಪ್ಟೆಂಬರಿನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಸಂಸ್ಕರಣಾ ಘಟಕಗಳ ಪರವಾನಗಿಯಲ್ಲಿ ಆ ಮಿತಿಯನ್ನು ಬರೆಯಬಹುದು. ಹೊಲಗಳ ಪಾಲಿಗೆ ಅದು ಗುರಿ ಮಾತ್ರ, ಏಕೆಂದರೆ ಅಲ್ಲಿ ಬರೆಯಲು ಪರವಾನಗಿಯೇ ಇಲ್ಲ. ಗೊಬ್ಬರ ಕಡಿಮೆ ಹಾಕುವ, ಜೌಗು ನೆಲವನ್ನು ಮತ್ತೆ ನಿರ್ಮಿಸುವ ರೈತರಿಗೆ ರಾಜ್ಯ ಸರ್ಕಾರ ಹಣ ಕೊಡುತ್ತಿದೆ, ಸೇರುವುದು ಬಿಡುವುದು ಅವರವರ ಇಚ್ಛೆ.