ಕಂತು ಹಗುರ, ಸಾಲ ಭಾರ

ಸಣ್ಣ ಉದ್ಯಮಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ವೃತ್ತಿ. ನನ್ನ ಕಕ್ಷಿದಾರರಲ್ಲಿ ಹೆಚ್ಚಿನವರು ಪ್ಲಂಬರ್‌ಗಳು, ಎಲೆಕ್ಟ್ರಿಷಿಯನ್‌ಗಳು, ಬಡಗಿಗಳು ಮತ್ತು ಟೈಲ್ಸ್ ಕೂರಿಸುವವರು. ಒಬ್ಬರೇ ದುಡಿಯುತ್ತಿದ್ದವರು ಇಬ್ಬರು ಮೂವರನ್ನು ಕೆಲಸಕ್ಕೆ ಇಟ್ಟುಕೊಂಡು ಬೆಳೆಯುವುದನ್ನು ಹತ್ತಿರದಿಂದ ನೋಡುವುದು ಈ ವೃತ್ತಿ ನನಗೆ ಕೊಟ್ಟಿರುವ ದೊಡ್ಡ ಸಂತೋಷ. ಆದರೆ ಅವರು ವ್ಯಾನ್ ಕೊಳ್ಳಲು ಹೊರಟಾಗ ಮಾತ್ರ ನನ್ನ ತಾಳ್ಮೆ ಪರೀಕ್ಷೆಗೆ ಒಳಗಾಗುತ್ತದೆ. ಗೋಡೆ ಕೊರೆಯುವ ಮೊದಲು ಮೂರು ಸಲ ಅಳತೆ ಹಿಡಿಯುವ ಮನುಷ್ಯ, ಮೊಬೈಲಿನಲ್ಲಿ ವ್ಯಾನಿನ ಚಿತ್ರವನ್ನು ಮುಂದೆ ಹಿಡಿದು, "ತಿಂಗಳಿಗೆ ಇಷ್ಟೇ ಸರ್, ಕಟ್ಟಬಹುದಲ್ಲವೇ?" ಎಂದು ಕೇಳುತ್ತಾನೆ. ವ್ಯಾನಿನ ಬೆಲೆ, ಬಡ್ಡಿ ದರ, ಅವಧಿ ಯಾವುದನ್ನು ಕೇಳಿದರೂ ನೆನಪಿರುವುದಿಲ್ಲ. ಕಂತಿನ ಅಂಕಿ ಮಾತ್ರ ಕಂಠಪಾಠವಾಗಿರುತ್ತದೆ.

ಆ ಒಂದು ಅಂಕಿ ಏನನ್ನು ಹೇಳುತ್ತದೆ, ಏನನ್ನು ಮುಚ್ಚಿಡುತ್ತದೆ ಎಂಬುದನ್ನು ಇಲ್ಲಿ ಸಾವಕಾಶವಾಗಿ ಬಿಡಿಸಿ ಹೇಳುತ್ತೇನೆ. ಯಾವ ನಾಣ್ಯದಲ್ಲಾದರೂ ಸರಿ, 1,00,000 ಸಾಲ ಪಡೆದಿದ್ದೀರಿ ಎಂದುಕೊಳ್ಳಿ. ವಾರ್ಷಿಕ ಬಡ್ಡಿ ಶೇ 12, ಬಾಕಿ ಉಳಿದ ಅಸಲಿನ ಮೇಲೆ ಮಾತ್ರ ಲೆಕ್ಕ. 3 ವರ್ಷಕ್ಕೆ ತೀರಿಸಿದರೆ ತಿಂಗಳ ಕಂತು ಸುಮಾರು 3,321. ಒಟ್ಟು ಬಡ್ಡಿ ಸುಮಾರು 19,570. ಅದೇ ಸಾಲವನ್ನು 5 ವರ್ಷಕ್ಕೆ ಹಂಚಿದರೆ ಕಂತು 2,224ಕ್ಕೆ ಇಳಿಯುತ್ತದೆ, ಬಡ್ಡಿ 33,470ಕ್ಕೆ ಏರುತ್ತದೆ. 7 ವರ್ಷಕ್ಕೆ ಎಳೆದರೆ ಕಂತು 1,765, ಬಡ್ಡಿ 48,280. ವ್ಯಾನ್ ಬದಲಾಗಿಲ್ಲ, ದರ ಬದಲಾಗಿಲ್ಲ, ವ್ಯಾಪಾರಿ ನಿಮಗೆ ಬಿಡಿಗಾಸಿನ ರಿಯಾಯಿತಿಯನ್ನೂ ಕೊಟ್ಟಿಲ್ಲ. ಆದರೂ ಕಂತು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ, ಬಡ್ಡಿ ಎರಡೂವರೆ ಪಟ್ಟಿನ ಹತ್ತಿರ ಹೋಗಿದೆ. ಹಾಗಿರುವಾಗ "ಕಂತು ಕಡಿಮೆ ಮಾಡಿಸಿಕೊಂಡೆ" ಎಂದು ಯಾರಾದರೂ ಸಂತೋಷದಿಂದ ಹೇಳಿದರೆ, ಅದನ್ನು ಯಾವುದರಿಂದ ಕಡಿಮೆ ಮಾಡಿದರು ಎಂದು ನಾನು ಕೇಳಲೇಬೇಕಾಗುತ್ತದೆ. ಕಂತು ಇಳಿಯಲು ಬೆಲೆ ಇಳಿಯಬೇಕು, ಇಲ್ಲವೇ ದರ ಇಳಿಯಬೇಕು, ಇಲ್ಲವೇ ಮುಂಗಡ ಹೆಚ್ಚಬೇಕು. ಈ ಮೂರೂ ಆಗದಿದ್ದರೆ ಅವಧಿ ಉದ್ದವಾಗಿದೆ ಅಥವಾ ಕೊನೆಯಲ್ಲಿ ಒಂದೇ ಸಲ ಕಟ್ಟಬೇಕಾದ ದೊಡ್ಡ ಮೊತ್ತವೊಂದು ಒಪ್ಪಂದದೊಳಗೆ ಕುಳಿತಿದೆ.

ದರದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಒಬ್ಬರು ಶೇ 7 ಎನ್ನುತ್ತಾರೆ, ಇನ್ನೊಬ್ಬರು ಶೇ 12 ಎನ್ನುತ್ತಾರೆ. ಏಳು ಹನ್ನೆರಡಕ್ಕಿಂತ ಚಿಕ್ಕದು ಎಂದು ನನ್ನ ಕಕ್ಷಿದಾರ ಮೊದಲನೆಯವರ ಬಳಿ ಸಹಿ ಹಾಕಿ ಬರುತ್ತಾನೆ. ಆ ಏಳು ಫ್ಲ್ಯಾಟ್ ದರವಾಗಿದ್ದರೆ, ನೀವು ಅಸಲನ್ನು ತಿಂಗಳು ತಿಂಗಳು ತೀರಿಸುತ್ತ ಬಂದರೂ ಬಡ್ಡಿಯನ್ನು ಮೊದಲ ದಿನದ ಪೂರ್ತಿ ಮೊತ್ತದ ಮೇಲೆಯೇ ಕೊನೆಯವರೆಗೂ ಲೆಕ್ಕ ಹಾಕುತ್ತಾರೆ. 1,00,000ಕ್ಕೆ ಶೇ 7ರಂತೆ 5 ವರ್ಷಕ್ಕೆ 35,000 ಬಡ್ಡಿ, ಕಂತು 2,250. ಬಾಕಿ ಅಸಲಿನ ಮೇಲಿನ ಶೇ 12ರ ಸಾಲದಲ್ಲಿ ಬಡ್ಡಿ 33,470 ಎಂಬುದನ್ನು ಈಗಷ್ಟೇ ನೋಡಿದೆವು. ಅಂದರೆ ಶೇ 7 ಎಂದು ಹೇಳಿಕೊಂಡ ಸಾಲವೇ ದುಬಾರಿ. ಸರಿಯಾಗಿ ಲೆಕ್ಕ ಹಾಕಿದರೆ ಅದರ ನಿಜವಾದ ದರ ಸುಮಾರು ಶೇ 12.5. ಐದು ವರ್ಷಗಳಲ್ಲಿ ಸರಾಸರಿಯಾಗಿ ನಿಮ್ಮ ಕೈಯಲ್ಲಿ ಉಳಿದಿರುವ ಸಾಲ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ, ಆದರೆ ಬಡ್ಡಿ ಪೂರ್ತಿಗೆ. ದರ ಇಮ್ಮಡಿಯ ಹತ್ತಿರ ಹೋಗುವುದು ಇದರಿಂದಲೇ. ಇದನ್ನು ನಾನು ಕಾಗದದ ಮೇಲೆ ಬರೆದು ತೋರಿಸಿದಾಗ ಬಹಳ ಮಂದಿ ತಮಗೆ ಮೋಸವಾಯಿತು ಎನ್ನುತ್ತಾರೆ. ಒಪ್ಪಂದದಲ್ಲಿ ದರದ ಬಗೆಯನ್ನು ಬರೆದಿದ್ದರೆ ಅದನ್ನು ಮೋಸ ಎನ್ನಲಾಗದು. ಓದದೆ ಸಹಿ ಹಾಕಿದ ತಪ್ಪು ನಮ್ಮ ಕಡೆಯೂ ಇರುತ್ತದೆ.

ಟೈಲ್ಸ್ ಕೆಲಸದ ಯುವಕನೊಬ್ಬ ಹೀಗೆಯೇ ಕಂತು ಹಗುರವಾಗಿರಲಿ ಎಂದು 7 ವರ್ಷದ ಸಾಲ ತೆಗೆದುಕೊಂಡ. ಕೆಲಸ ಚೆನ್ನಾಗಿ ಮಾಡುವವನು, ಮಾತಿಗೆ ತಪ್ಪದವನು; ಮೂರು ವರ್ಷದಲ್ಲಿ ಅವನ ಕೆಲಸಗಾರರು ಒಬ್ಬರಿಂದ ನಾಲ್ವರಾದರು. ಚಿಕ್ಕ ವ್ಯಾನ್ ಸಾಲದೆ ಮಾರಲು ಹೊರಟಾಗ ನನ್ನ ಬಳಿ ಬಂದ. ಮೇಲಿನ ಲೆಕ್ಕದ ಪ್ರಮಾಣದಲ್ಲೇ ಹೇಳುವುದಾದರೆ, 36 ಕಂತುಗಳಲ್ಲಿ ಅವನು 63,550ರಷ್ಟು ಕಟ್ಟಿದ್ದ. ಅದರಲ್ಲಿ ಅಸಲಿಗೆ ಹೋದದ್ದು 33,000ಕ್ಕಿಂತ ಸ್ವಲ್ಪ ಕಡಿಮೆ, ಉಳಿದದ್ದೆಲ್ಲ ಬಡ್ಡಿ. ಇನ್ನೂ 67,000 ಬಾಕಿ ಇತ್ತು, ಕೊಳ್ಳುವವರು ಕೊಡಲು ಸಿದ್ಧರಿದ್ದದ್ದು 55,000. ವ್ಯಾನನ್ನು ಕೊಟ್ಟು ಅದರ ಮೇಲೆ 12,000 ಕೈಯಿಂದ ಹಾಕಿದರೆ ಮಾತ್ರ ಸಾಲದಿಂದ ಬಿಡುಗಡೆ. ಅಷ್ಟು ಹಣ ಅವನ ಬಳಿ ಇರಲಿಲ್ಲವಾದ್ದರಿಂದ ಆ ಕೊರತೆಯನ್ನು ಹೊಸ ವ್ಯಾನಿನ ಸಾಲಕ್ಕೆ ಸೇರಿಸಿದರು. ಅದೇ ಸಾಲವನ್ನು 5 ವರ್ಷಕ್ಕೆ ಪಡೆದಿದ್ದರೆ ಆ ದಿನ ಉಳಿಯುತ್ತಿದ್ದ ಬಾಕಿ 47,250. ಮಾರಿದ ಹಣದಲ್ಲಿ ಸಾಲ ತೀರಿ ಮೇಲಿಷ್ಟು ಅವನ ಕೈಗೂ ಬರುತ್ತಿತ್ತು. ಬೆಳೆಯುತ್ತಿರುವ ಉದ್ಯಮಕ್ಕೆ ಇದು ಮುಖ್ಯ, ಏಕೆಂದರೆ ಬೆಳೆಯುವವರೇ ವ್ಯಾನನ್ನು ಅವಧಿಗೆ ಮೊದಲು ಬದಲಿಸುವವರು. ನೀವು ಈ ವ್ಯಾನನ್ನು ಎಷ್ಟು ವರ್ಷ ಓಡಿಸುತ್ತೀರಿ ಎಂದು ಪ್ರಾಮಾಣಿಕವಾಗಿ ಅಂದಾಜು ಮಾಡಿ, ಸಾಲದ ಅವಧಿ ಅದಕ್ಕಿಂತ ಉದ್ದವಾಗದಂತೆ ನೋಡಿಕೊಳ್ಳಿ. ಆ ಅವಧಿಯ ಕಂತು ಕೈಗೆಟುಕದಿದ್ದರೆ, ಎಟುಕದಿರುವುದು ಆ ವ್ಯಾನೇ.

ಹಾಗೆಂದು ಚಿಕ್ಕ ವ್ಯಾನ್ ಕೊಳ್ಳಿ ಎಂಬುದು ನನ್ನ ಸಲಹೆಯಲ್ಲ. ಕಂತಿನಿಂದ ಹೊರಟವರು ವ್ಯಾನಿನ ಆಯ್ಕೆಯಲ್ಲೂ ಎಡವುತ್ತಾರೆ, ಏಕೆಂದರೆ ಅವರು ನೋಡುವುದು ಹಿಂಭಾಗದಲ್ಲಿ ಎಷ್ಟು ಜಾಗವಿದೆ ಎಂಬುದನ್ನು. ಎಷ್ಟು ತೂಕ ಹೊರಬಹುದು ಎಂಬುದನ್ನಲ್ಲ. ಒಂದೇ ಮಾದರಿಯಲ್ಲಿ ಉದ್ದವಾದ, ಎತ್ತರವಾದ ವ್ಯಾನ್ ತಾನೇ ಹೆಚ್ಚು ತೂಗುತ್ತದೆ. ಒಟ್ಟು ಅನುಮತಿ ತೂಕ (ವ್ಯಾನು, ಜನ, ಸಾಮಾನು ಎಲ್ಲ ಸೇರಿ ಮೀರಬಾರದ ತೂಕ) ಮಾತ್ರ ಅಷ್ಟೇ ಇದ್ದರೆ, ಜಾಗ ಹೆಚ್ಚಾದಂತೆ ಹೊರುವ ಶಕ್ತಿ ಕಡಿಮೆಯಾಗುತ್ತದೆ. ಬ್ಯಾಟರಿಯ ತೂಕದಿಂದಾಗಿ ವಿದ್ಯುತ್ ವ್ಯಾನುಗಳಲ್ಲೂ ಇದನ್ನು ವಿಶೇಷವಾಗಿ ಗಮನಿಸಬೇಕು. ಒಟ್ಟು ಅನುಮತಿ ತೂಕ 3,500 ಕೆ.ಜಿ., ಖಾಲಿ ವ್ಯಾನು 2,250 ಕೆ.ಜಿ. ಎಂದಿಟ್ಟುಕೊಂಡರೆ 1,250 ಕೆ.ಜಿ. ಉಳಿಯಿತು. ಮೂವರು ಕೂತರೆ 240 ಹೋಯಿತು, ಒಳಗಿನ ಕಪಾಟು, ಮೇಲಿನ ರ‍್ಯಾಕ್, ಏಣಿಗಳಿಗೆ 180, ಸದಾ ವ್ಯಾನಿನಲ್ಲೇ ಇರುವ ಉಪಕರಣಗಳಿಗೆ 350. ಸಾಮಗ್ರಿಗೆಂದು ಉಳಿದದ್ದು 480 ಕೆ.ಜಿ., ಅಂದರೆ 50 ಕೆ.ಜಿ.ಯ ಸಿಮೆಂಟ್ ಚೀಲ ಒಂಬತ್ತು. ಮಿತಿ ಮೀರಿದರೆ ಬ್ರೇಕು, ಟೈರು ಬೇಗ ಸವೆಯುವುದಷ್ಟೇ ಅಲ್ಲ, ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಲೂ ಅವಕಾಶವಾಗುತ್ತದೆ.

ಎಲೆಕ್ಟ್ರಿಕಲ್ ಗುತ್ತಿಗೆ ನಡೆಸುವ ಮಹಿಳೆಯೊಬ್ಬರು ಈ ವಿಷಯದಲ್ಲಿ ನನಗೇ ಪಾಠ ಕಲಿಸಿದರು. ಹೊಸ ವ್ಯಾನ್ ನೋಡಲು ಹೋಗುವ ಮೊದಲು ಅವರು ತಮ್ಮ ಹಳೆಯ ವ್ಯಾನನ್ನು, ಕೆಲಸ ತುಂಬಾ ಇದ್ದ ದಿನವೊಂದರ ಬೆಳಿಗ್ಗೆ, ಕೇಬಲ್ ಸುರುಳಿಗಳು ಮತ್ತು ಹುಡುಗರ ಸಮೇತ ವಾಹನ ತೂಗುವ ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಕದ ಚೀಟಿ ಪಡೆದು ಬಂದಿದ್ದರು. ಒಟ್ಟು ತೂಕವನ್ನಷ್ಟೇ ಅಲ್ಲದೆ ಹಿಂಬದಿಯ ಆಕ್ಸಲ್, ಅಂದರೆ ಹಿಂಚಕ್ರಗಳ ಅಚ್ಚಿನ ಮೇಲೆ ಬೀಳುವ ತೂಕವನ್ನೂ ಬೇರೆಯಾಗಿ ಬರೆಸಿದ್ದರು. ಅಂದಿನಿಂದ, ವ್ಯಾನ್ ಬೇಕೆಂದು ಬರುವ ಪ್ರತಿಯೊಬ್ಬರಿಗೂ ನಾನು ಮೊದಲು ಹೇಳುವುದು ಆ ಚೀಟಿ ತನ್ನಿ ಎಂದೇ.

ಗುತ್ತಿಗೆ ಬಾಡಿಗೆಯ, ಅಂದರೆ ಲೀಸಿನ ಬಗ್ಗೆ ಎರಡೇ ಮಾತು: ಕಿಲೋಮೀಟರ್ ಮಿತಿ ಮತ್ತು ಹಿಂದಿರುಗಿಸುವಾಗ ಗೀಚು, ತಗ್ಗುಗಳಿಗೆ ವಿಧಿಸುವ ಶುಲ್ಕ, ಇವೆರಡನ್ನೂ ಓದಿಕೊಳ್ಳಿ. ಪೈಪು, ಏಣಿ ಹೊರುವ ವ್ಯಾನ್ ಗೀಚು ಬೀಳದೆ ಉಳಿಯುವುದು ಅಪರೂಪ. ತೆರಿಗೆಯ ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾದ್ದರಿಂದ ನಿಮ್ಮ ಲೆಕ್ಕಪರಿಶೋಧಕರನ್ನೇ ಕೇಳಬೇಕು. ಆದರೆ "ತೆರಿಗೆ ಉಳಿಯುತ್ತದೆ, ಆದ್ದರಿಂದ ದೊಡ್ಡ ವ್ಯಾನ್" ಎಂಬ ವಾದವನ್ನು ನಾನು ಎಲ್ಲಿಯೂ ಒಪ್ಪಲಾರೆ. ತೆರಿಗೆ ದರ ಶೇ 25 ಇದ್ದಲ್ಲಿ 100 ಖರ್ಚು ಮಾಡಿದರೆ 25 ಉಳಿಯಬಹುದು, 75 ನಿಮ್ಮ ಜೇಬಿನಿಂದಲೇ ಹೋಗುತ್ತದೆ.

ಕಂತಿನ ಅಂಕಿ ನಿಜವಾಗಿ ಬೇಕಾಗುವುದು ಇದೆಲ್ಲ ಮುಗಿದ ಮೇಲೆ, ಒಂದೇ ಒಂದು ಪರೀಕ್ಷೆಗೆ. ಕಳೆದ 24 ತಿಂಗಳ ಬ್ಯಾಂಕ್ ಖಾತೆಯನ್ನು ತೆರೆದು, ಅತ್ಯಂತ ಕೆಟ್ಟ ಮೂರು ತಿಂಗಳನ್ನು ಗುರುತಿಸಿ, ಆ ತಿಂಗಳುಗಳಲ್ಲಿ ಸಂಬಳ, ಸಾಮಗ್ರಿಯ ಬಾಕಿ, ಇಂಧನ, ವಿಮೆ ಮತ್ತು ದುರಸ್ತಿಗೆ ತೆಗೆದಿಟ್ಟ ಹಣ ಕಳೆದು ಉಳಿದದ್ದರಲ್ಲಿ ಕಂತು ಕಟ್ಟಬಹುದಿತ್ತೇ ಎಂದು ನೋಡಬೇಕು. ಒಳ್ಳೆಯ ತಿಂಗಳ ಆದಾಯವನ್ನು ಹಿಡಿದು ಲೆಕ್ಕ ಹಾಕಿದವರು ಕೈಯಲ್ಲಿ ಕೆಲಸವಿದ್ದೂ ಕಂತು ತಪ್ಪಿಸಿದ್ದನ್ನು ನೋಡಿದ್ದೇನೆ. ಗಿರಾಕಿ ಹಣ ಕೊಡುವುದು ತಡವಾದರೂ ಸಾಲ ಕೊಟ್ಟವರು ಕಾಯುವುದಿಲ್ಲ.

ಟೈಲ್ಸ್ ಕೆಲಸದ ಆ ಯುವಕ ಕಳೆದ ತಿಂಗಳು ಎರಡನೆಯ ತಂಡಕ್ಕೆ ಇನ್ನೊಂದು ವ್ಯಾನ್ ಬೇಕೆಂದು ಬಂದಿದ್ದ. ಈ ಸಲ ಅವನು ಮೇಜಿನ ಮೇಲೆ ಇಟ್ಟದ್ದು ವೇಬ್ರಿಡ್ಜಿನ ಚೀಟಿಯನ್ನು ಮತ್ತು ಇಬ್ಬರು ಸಾಲದಾತರು ಬರೆದುಕೊಟ್ಟ ಎರಡು ಹಾಳೆಗಳನ್ನು. ಪ್ರತಿ ಹಾಳೆಯಲ್ಲೂ ಒಟ್ಟು ಕಟ್ಟಬೇಕಾದ ಮೊತ್ತ, ದರ ಫ್ಲ್ಯಾಟೋ ಅಲ್ಲವೋ ಎಂಬುದು, ಅವಧಿಗೆ ಮೊದಲೇ ತೀರಿಸಿದರೆ ತಗಲುವ ಶುಲ್ಕ ಮತ್ತು ಪ್ರತಿ ವರ್ಷದ ಕೊನೆಯಲ್ಲಿ ಉಳಿಯುವ ಬಾಕಿ ಇತ್ತು. ಕಂತು ಎಷ್ಟು ಎಂದು ನಾನೇ ಕೇಳಬೇಕಾಯಿತು.