ಪಬ್ಲಿಕ್ಕಾ, ಪ್ರೈವೇಟಾ? ಸೇವ್ ಒತ್ತುವ ಮೊದಲೇ ಯೋಚಿಸಿ

ರಜೆ ಅರ್ಜಿಗಳ ಲೆಕ್ಕ ಇಡಲು ಗೂಗಲ್ ಶೀಟ್ಸ್‌ಗೆ ಒಂದು ಆಡ್-ಆನ್ (ಹೆಚ್ಚುವರಿ ಕೆಲಸ ಮಾಡಿಕೊಡುವ ಪುಟ್ಟ ಪ್ರೋಗ್ರಾಂ) ಬರೆದಿದ್ದೀರಿ ಅಂದುಕೊಳ್ಳಿ. ಅದನ್ನು ಇಂಥ ಆ್ಯಪ್‌ಗಳು ಸಿಗುವ ಗೂಗಲ್‌ನ ವರ್ಕ್‌ಸ್ಪೇಸ್ ಮಾರ್ಕೆಟ್‌ಪ್ಲೇಸ್‌ಗೆ ಹಾಕಲು ಹೊರಟರೆ ಪಬ್ಲಿಕ್, ಪ್ರೈವೇಟ್ ಎಂಬ ಎರಡು ಆಯ್ಕೆ ಎದುರಾಗುತ್ತವೆ. ‘ಈಗ ಪ್ರೈವೇಟ್ ಇರಲಿ, ಆಮೇಲೆ ನೋಡಿಕೊಂಡರಾಯ್ತು’ ಅಂತ ಸುಮ್ನೆ ಒತ್ತುವವರೇ ಜಾಸ್ತಿ. ಒಮ್ಮೆ ಸೇವ್ ಆದರೆ ಅದನ್ನು ಬದಲಾಯಿಸಲು ಬರುವುದಿಲ್ಲ. ಬೇಕೆಂದರೆ ಗೂಗಲ್ ಕ್ಲೌಡ್‌ನಲ್ಲಿ ಹೊಸ ಪ್ರಾಜೆಕ್ಟ್ ತೆರೆದು ಹೊಸ ಲಿಸ್ಟಿಂಗ್ (ಮಾರ್ಕೆಟ್‌ಪ್ಲೇಸ್‌ನಲ್ಲಿ ಆ್ಯಪ್‌ನ ಪುಟ) ಮಾಡಬೇಕು. ಹಳೆಯದನ್ನು ಬಳಸುತ್ತಿದ್ದವರೆಲ್ಲ ಮತ್ತೆ ಇನ್‌ಸ್ಟಾಲ್ ಮಾಡಿಕೊಳ್ಳಬೇಕು.

ಪ್ರೈವೇಟ್ ಅಂದರೆ ನಿಮ್ಮ ಸಂಸ್ಥೆಯವರಿಗೆ ಮಾತ್ರ. ಗೂಗಲ್‌ನ ಪರಿಶೀಲನೆ ಇಲ್ಲ, ಕೂಡಲೇ ಪ್ರಕಟವಾಗುತ್ತದೆ. ಆದರೆ ಸಂಸ್ಥೆಗಳಿಗೆ ಗೂಗಲ್ ಕೊಡುವ ವರ್ಕ್‌ಸ್ಪೇಸ್ ಖಾತೆ ಬೇಕು. ಸಾದಾ ಜಿಮೇಲ್ ಖಾತೆಯಿಂದ ಆಗುವುದಿಲ್ಲ.

ಪಬ್ಲಿಕ್ ದಾರಿಯಲ್ಲಿ ಗೊಂದಲ ಹುಟ್ಟುವುದು ಒಂದೇ ಕಡೆ. ಅಲ್ಲಿ ಪರಿಶೀಲನೆ ಎರಡು ಬಗೆ. ಒಂದು ಲಿಸ್ಟಿಂಗ್‌ನದು: ಐಕಾನ್, ಸ್ಕ್ರೀನ್‌ಶಾಟ್, ಪ್ರೈವಸಿ ಪಾಲಿಸಿ ಸರಿಯಿದೆಯಾ, ಆ್ಯಪ್ ಹೇಳಿದ ಕೆಲಸ ಮಾಡುತ್ತದಾ ಅನ್ನುವುದು. ಇನ್ನೊಂದು ಓಆತ್ (OAuth) ವೆರಿಫಿಕೇಶನ್, ಅಂದರೆ ಆ್ಯಪ್ ಬಳಕೆದಾರರಿಂದ ಕೇಳುವ ಅನುಮತಿಗಳ ಪರಿಶೀಲನೆ. ಬಳಕೆದಾರರ ಸೂಕ್ಷ್ಮ ಡೇಟಾಗೆ ಅನುಮತಿ ಕೇಳಿದರೆ ಇದೂ ಆಗಬೇಕು. ಜಿಮೇಲ್ ಪತ್ರಗಳನ್ನು ಓದುವಂಥ ಅನುಮತಿ ಕೇಳಿ, ಆ ಡೇಟಾ ನಿಮ್ಮ ಸರ್ವರ್‌ಗೆ ಬರುವಂತಿದ್ದರೆ ಹೊರಗಿನವರಿಂದ ಸೆಕ್ಯುರಿಟಿ ತಪಾಸಣೆಯೂ ಬೇಕಾಗುತ್ತದೆ. ಅದಕ್ಕೆ ಸಮಯವೂ ಹಿಡಿಯುತ್ತದೆ, ದುಡ್ಡೂ ಖರ್ಚಾಗುತ್ತದೆ.

ಹಾಗಾಗಿ ಮೊದಲು ಅನುಮತಿಗಳನ್ನು ಕಡಿಮೆ ಮಾಡಿ ಅನ್ನುತ್ತೇನೆ. ನಮ್ಮ ರಜೆ ಆಡ್-ಆನ್‌ಗೆ ಬೇಕಿರುವುದು ತೆರೆದಿರುವ ಆ ಒಂದು ಶೀಟ್ ಅಷ್ಟೇ ಅಲ್ವಾ? ಸ್ಕ್ರಿಪ್ಟ್‌ನ ಮೇಲ್ಭಾಗದ ಕಾಮೆಂಟ್‌ನಲ್ಲಿ ‘@OnlyCurrentDoc’ ಅನ್ನುವ ಗುರುತು ಹಾಕಿ ನೋಡಿ. ‘ನಿಮ್ಮ ಎಲ್ಲ ಸ್ಪ್ರೆಡ್‌ಶೀಟ್‌ಗಳನ್ನು ನೋಡಲು, ತಿದ್ದಲು, ಅಳಿಸಲು’ ಎಂದು ಕೇಳುತ್ತಿದ್ದ ಒಪ್ಪಿಗೆ ಪರದೆ, ಈ ಆ್ಯಪ್ ಬಳಸುವ ಶೀಟ್‌ಗಳನ್ನು ಮಾತ್ರ ಕೇಳತೊಡಗುತ್ತದೆ. ಹೊಸಬರು ಧೈರ್ಯವಾಗಿ ‘ಅಲೋ’ ಒತ್ತುವುದು ಇಂಥ ಪರದೆ ಕಂಡಾಗಲೇ.

ಬೇರೆ ಡೊಮೇನ್‌ನಲ್ಲಿರುವ ಎರಡು ಮೂರು ಕಂಪನಿಗಳಿಗಷ್ಟೇ ಕೊಡಬೇಕಿದ್ದರೆ? ಪ್ರೈವೇಟ್‌ನಲ್ಲಿ ಅದು ಸಾಧ್ಯವಿಲ್ಲ. ಪಬ್ಲಿಕ್ ಆರಿಸಿ ‘ಅನ್‌ಲಿಸ್ಟೆಡ್’ ಇಡಿ. ಹುಡುಕಿದವರಿಗೆ ಸಿಗುವುದಿಲ್ಲ, ಲಿಂಕ್ ಇದ್ದವರು ಇನ್‌ಸ್ಟಾಲ್ ಮಾಡಿಕೊಳ್ಳಬಹುದು. ಪರಿಶೀಲನೆ ಮಾತ್ರ ತಪ್ಪುವುದಿಲ್ಲ.

ಪ್ರೈವೇಟ್ ಅಂತ ಸಿಕ್ಕಸಿಕ್ಕ ಅನುಮತಿಗಳನ್ನೆಲ್ಲ ಕೇಳುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಗೂಗಲ್ ನೋಡುವುದಿಲ್ಲ ಅಂದಮೇಲೆ ನಿಮ್ಮ ಅಡ್ಮಿನ್ ನೋಡಲೇಬೇಕು. ಇಡೀ ಸಂಸ್ಥೆಗೆ ಇನ್‌ಸ್ಟಾಲ್ ಮಾಡುವ ಮೊದಲು ಆ ಅನುಮತಿಗಳ ಪಟ್ಟಿಯನ್ನು ಅವರೊಂದಿಗೆ ಕೂತು, ಒಂದೊಂದೇ ಸಾಲಾಗಿ ಓದಿ.