ಆರುವುದು ಎರಡು ಥರ: ಮರ ಬಗ್ಗಿಸಲು ಕಲಿತಾಗಿನ ಟಿಪ್ಪಣಿ

ಮೊನ್ನೆ, ವಾದ್ಯದ ಪಕ್ಕೆಗೆ ಅಂತ ಬಗ್ಗಿಸಿದ ನನ್ನ ನಾಲ್ಕನೇ ಮರದ ಪಟ್ಟಿ, ಆಕಾರ ಹಿಡಿದಿಡುವ ಅಚ್ಚಿನಲ್ಲಿ ಸರಿಯಾಗಿ ಕೂತಿತು. ಅದಕ್ಕೂ ಮುಂಚಿನ ಮೂರು ಹಾಳಾದವು. ಯಾಕೆ ಹಾಳಾದವು ಅಂತ ಈಗ ಸ್ಪಷ್ಟವಾಗಿ ಗೊತ್ತಿದೆ. ಇನ್ನೊಂದು ತಿಂಗಳಿಗೆ ಮರೆತುಹೋಗಬಹುದು, ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ. ಮನೆಯಲ್ಲೇ ಯುಕುಲೆಲೆ (ನಾಲ್ಕು ತಂತಿಯ ಪುಟ್ಟ ಗಿಟಾರಿನಂಥ ವಾದ್ಯ) ಅಥವಾ ಗಿಟಾರ್ ಮಾಡಬೇಕು ಅಂತಿರುವವರಿಗೆ ಉಪಯೋಗವಾಗಬಹುದು. ಹಲಗೆ ಕೊಯ್ಯುವುದು, ಅಂಟು ಹಾಕುವುದು, ತಂತಿ ಕಟ್ಟುವುದು, ಇವೆಲ್ಲ ಇಲ್ಲಿ ಇಲ್ಲ. ಅವು ನೋಡಿದರೆ ಬರುತ್ತವೆ. ಪಕ್ಕೆಯ ಪಟ್ಟಿ ಬಗ್ಗಿಸುವುದು ಮಾತ್ರ ನೋಡಿದರೆ ಬರುವುದಿಲ್ಲ.

ನಮ್ಮ ಕಡೆ ಇದನ್ನು ಯಾರ ಹತ್ತಿರ ಕೇಳಬೇಕು ಅನ್ನುವುದೇ ಮೊದಲ ಸಮಸ್ಯೆ. ತೀರ್ಥಹಳ್ಳಿ ಸುತ್ತಮುತ್ತ ಒಳ್ಳೆಯ ಮರಗೆಲಸದವರು ಬೇಕಾದಷ್ಟಿದ್ದಾರೆ. ಸಾಗರ, ಸೊರಬದ ಗುಡಿಗಾರರ ಕೆತ್ತನೆಯಂತೂ ಎಲ್ಲರಿಗೂ ಗೊತ್ತು. ಆದರೆ ಅವರ ಕೆಲಸ ಕೆತ್ತುವುದು, ಕೂಡಿಸುವುದು. ನಮ್ಮ ವೀಣೆಯ ಕೊಡವೂ ಹಾಗೇ, ದಪ್ಪ ಮರವನ್ನು ಕೊರೆದು ಟೊಳ್ಳು ಮಾಡಿದ್ದು. ಪಿಟೀಲು, ಗಿಟಾರ್, ಯುಕುಲೆಲೆಗಳ ಪಕ್ಕೆ ಮಾತ್ರ ತೆಳುವಾದ ಪಟ್ಟಿಯನ್ನು ಕಾಯಿಸಿ ಬಗ್ಗಿಸಿದ್ದು. ಪಿಟೀಲಿನ ಪಕ್ಕೆ ಸುಮಾರು 1 ಮಿಲಿಮೀಟರ್ ದಪ್ಪ ಅಷ್ಟೇ. ಯುಕುಲೆಲೆಗೆ ಒಂದೂವರೆಯಿಂದ 2, ಗಿಟಾರಿಗೆ 2ರಿಂದ ಎರಡೂವರೆ.

ನನಗೆ ಕೊನೆಗೆ ಪಾಠ ಹೇಳಿದವರು ಬುಟ್ಟಿ, ಮೊರ ಹೆಣೆಯುವ ಒಬ್ಬ ಮೇದಾರ ಅಜ್ಜಿ. ಅವರು ಬುಟ್ಟಿಯ ಬಾಯಿಗೆ ಕಟ್ಟುವ ಬಿದಿರನ್ನು ಬೆಂಕಿಯ ಮೇಲೆ ಹಿಡಿದು, ತಿರುಗಿಸಿ ತಿರುಗಿಸಿ ಬಗ್ಗಿಸುತ್ತಾರೆ. ನನ್ನ ಮೂರನೇ ಪಟ್ಟಿ ನೋಡಿ ಅವರು ಹೇಳಿದ್ದು ಒಂದೇ ಮಾತು: "ಆರೋಕೆ ಬಿಡು ಮಗಾ, ಅವಸರ ಮಾಡ್ಬೇಡ."

ನಾನು ಆರಲು ಬಿಟ್ಟಿದ್ದೆ! ಕಾಲು ಗಂಟೆ ಬಿಟ್ಟಿದ್ದೆ. ಮುಟ್ಟಿದರೆ ತಣ್ಣಗಿತ್ತು. ಅಚ್ಚಿನಿಂದ ಬಿಚ್ಚಿದೆ, ಆಕಾರ ಚೆನ್ನಾಗೇ ಇತ್ತು. ಮಾರನೇ ದಿನ ನೋಡಿದರೆ ಎರಡೂ ತುದಿ ನಾಲ್ಕು ಬೆರಳಿನಷ್ಟು ಅಗಲಕ್ಕೆ ತೆರೆದುಕೊಂಡಿದ್ದವು.

ಯಾವ ಆರುವುದು?

ನಾನು ಸಿಕ್ಕಿಹಾಕಿಕೊಂಡಿದ್ದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಕಾಫಿ ಆರಿತು ಅನ್ನುತ್ತೇವೆ. ಬಟ್ಟೆ ಆರಿತು ಅಂತಲೂ ಅನ್ನುತ್ತೇವೆ. ಮಾತು ಒಂದೇ. ಕಾಫಿಯಲ್ಲಿ ಹೋಗುವುದು ಕಾವು, ಬಟ್ಟೆಯಲ್ಲಿ ಹೋಗುವುದು ನೀರು. ಕಾಫಿ ಆರಲು ಐದು ನಿಮಿಷ ಸಾಕು, ಆಷಾಢದಲ್ಲಿ ಬಟ್ಟೆ ಆರಲು ನಾಲ್ಕು ದಿನವೂ ಸಾಲದು. ಬಗ್ಗಿಸಿದ ಮರ ಈ ಎರಡೂ ಥರ ಆರಬೇಕು. ಅಜ್ಜಿ ಹೇಳಿದ್ದು ಬಟ್ಟೆಯ ಹಾಗೆ, ನಾನು ತಿಳಿದುಕೊಂಡಿದ್ದು ಕಾಫಿಯ ಹಾಗೆ.

ಮರದ ಒಳಗೆ ಏನಾಗುತ್ತದೆ ಅಂತ ನೋಡಿದರೆ ಇದು ಅರ್ಥವಾಗುತ್ತದೆ. ಮರ ಅಂದರೆ ಉದ್ದುದ್ದ ನಾರುಗಳ ಕಟ್ಟು. ಆ ನಾರುಗಳ ಮಧ್ಯೆ ಅಂಟಿನ ಹಾಗೆ ಲಿಗ್ನಿನ್ ಅನ್ನುವ ವಸ್ತು ಇರುತ್ತದೆ. ಕಾವಿಗೆ ಲಿಗ್ನಿನ್ ಮೆತ್ತಗಾಗುತ್ತದೆ, ಬೆಲ್ಲದ ಪಾಕದ ಹಾಗೆ. ಆಗ ನಾರುಗಳು ಒಂದರ ಪಕ್ಕ ಒಂದು ಸ್ವಲ್ಪ ಜರುಗುತ್ತವೆ. ಕಾವು ಇಳಿದಾಗ ಅಂಟು ಮತ್ತೆ ಗಟ್ಟಿಯಾಗಿ, ನಾರುಗಳು ಹೊಸ ಜಾಗದಲ್ಲೇ ನಿಲ್ಲುತ್ತವೆ. ನೀರಿದ್ದರೆ ಲಿಗ್ನಿನ್ ಕಡಿಮೆ ಕಾವಿಗೇ ಮೆತ್ತಗಾಗುತ್ತದೆ. ಹಸಿ ಮರಕ್ಕೆ ಕುದಿಯುವ ನೀರಿನ ಆಸುಪಾಸಿನ ಕಾವು ಸಾಕು, ಒಣ ಮರಕ್ಕೆ ಇನ್ನೂ ಎಷ್ಟೋ ಜಾಸ್ತಿ ಬೇಕು. ಅಂದರೆ ಬಗ್ಗಿಸುವುದು ಕಾವು, ನೀರು ಅದಕ್ಕೆ ಸಹಾಯ ಮಾಡುತ್ತದೆ.

ಆದರೆ ಅದೇ ನೀರು ಒಳಗೆ ಉಳಿದರೆ, ಕಾವು ಇಳಿದ ಮೇಲೂ ಮರ ಪೂರ್ತಿ ಬಿಗಿಯಾಗುವುದಿಲ್ಲ. ಬಗ್ಗಿಸಿದ ನಾರು ಹಿಂದಕ್ಕೆ ಹೋಗಲು ಒತ್ತುತ್ತಲೇ ಇರುತ್ತದೆ. ಅಚ್ಚು ಹಿಡಿದುಕೊಂಡಿರುವವರೆಗೆ ಗೊತ್ತಾಗುವುದಿಲ್ಲ, ಬಿಚ್ಚಿದ ಮೇಲೆ ನಿಧಾನಕ್ಕೆ ತೆರೆದುಕೊಳ್ಳುತ್ತದೆ.

ಹಾಗಾದರೆ ನೀರು ಆರಿತು ಅಂತ ಗೊತ್ತಾಗುವುದು ಹೇಗೆ? ಮುಟ್ಟಿ ನೋಡಿದರೆ ತಿಳಿಯುವುದಿಲ್ಲ, ಮೇಲ್ಮೈ ಬೇಗ ಒಣಗಿಬಿಡುತ್ತದೆ. ಅಡುಗೆಮನೆಯ ತೂಕದ ಯಂತ್ರ ತೆಗೆದುಕೊಳ್ಳಿ. ಇದು ನನಗೆ ತುಂಬಾ ಇಷ್ಟವಾದ ಉಪಾಯ. ನೆನೆಸುವ ಮೊದಲು ಪಟ್ಟಿ ತೂಗಿ ಬರೆದಿಡಿ. ನನ್ನದು 55 ಸೆಂಟಿಮೀಟರ್ ಉದ್ದ, 7 ಅಗಲ, 2 ಮಿಲಿಮೀಟರ್ ದಪ್ಪದ ಬೀಟೆ ಪಟ್ಟಿ, 64 ಗ್ರಾಂ ಇತ್ತು. ಅರ್ಧ ಗಂಟೆ ನೆನೆಸಿ ಒರೆಸಿದ ಮೇಲೆ 71. ಬಗ್ಗಿಸಿ ಮುಗಿಸಿದಾಗ 68. ಅಚ್ಚನ್ನೂ ಬೇರೆಯಾಗಿ ತೂಗಿಟ್ಟುಕೊಂಡರೆ ಪಟ್ಟಿಯನ್ನು ಬಿಚ್ಚದೆ, ಅಚ್ಚಿನ ಸಮೇತ ತೂಗಿ ಕಳೆಯಬಹುದು. ಎರಡು ದಿನ ಸತತವಾಗಿ ತೂಕ ಇಳಿಯದಿದ್ದರೆ ಆರಿತು ಅಂತ ಲೆಕ್ಕ.

ಮಲೆನಾಡಿನವರಿಗೆ ಇನ್ನೊಂದು ವಿಷಯ ಇದೆ. ಮರ ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಷ್ಟೇ ಆರುತ್ತದೆ. ಗಾಳಿಯಲ್ಲಿ ಶೇ. 90 ತೇವ ಇದ್ದರೆ ಮರ ತನ್ನ ಒಣತೂಕದ ಸುಮಾರು ಶೇ. 20ರಷ್ಟು ನೀರನ್ನು ಇಟ್ಟುಕೊಳ್ಳುತ್ತದೆ. ಶೇ. 50 ಇದ್ದರೆ ಸುಮಾರು 9 ಮಾತ್ರ. ಆಗುಂಬೆ ಕಡೆಯಿಂದ ಬರುವ ಮಳೆಯಲ್ಲಿ ಜಗಲಿಯ ಮೇಲೆ ಅಚ್ಚು ಇಟ್ಟುಕೊಂಡು ಎಷ್ಟು ದಿನ ಕಾದರೂ ಅದು ಬೇಸಿಗೆಯಷ್ಟು ಆರುವುದಿಲ್ಲ. ನಾನು ಅಚ್ಚನ್ನು ಒಲೆಯ ಮೇಲಿನ ಅಟ್ಟಕ್ಕೆ ಹಾಕಿದೆ. ಬೀಜ, ಹುಣಸೆಹಣ್ಣು ಬೆಚ್ಚಗಿಡುವ ಜಾಗ ಅದು. ನಿಧಾನವಾದ ಕಾವು, ಬೇಕಾದ್ದು ಅದೇ. ಹಾಗೇ ತಂತಿಯ ಕೆಳಗೆ ಬರುವ ಮುಖದ ಹಲಗೆಗೆ ಪಕ್ಕೆ ಅಂಟಿಸುವ ಕೆಲಸವನ್ನು ಮಳೆಗಾಲದಲ್ಲಿ ಮಾಡಬೇಡಿ. ಈಗ ಉಬ್ಬಿಕೊಂಡಿರುವ ಹಲಗೆ ಮಾರ್ಚಿನಲ್ಲಿ ಅಡ್ಡಕ್ಕೆ ಕುಗ್ಗಿ ಸೀಳುತ್ತದೆ. ಬಗ್ಗಿಸಿ ಇಟ್ಟುಕೊಳ್ಳಿ, ಅಂಟಿಸುವುದು ಜನವರಿ ಮೇಲೆ.

ಹೊರಮೈ ಯಾಕೆ ಸೀಳುತ್ತದೆ

ಮೊದಲ ಪಟ್ಟಿಯನ್ನು ರಾತ್ರಿಯಿಡೀ ನೆನೆಸಿ, ಕಾಯಿಸದೆ ಬಗ್ಗಿಸಲು ಹೋಗಿ ಮುರಿದೆ. ಅದರಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಎರಡನೆಯದನ್ನು ಚೆನ್ನಾಗಿ ಕಾಯಿಸಿದ್ದೆ. ಆದರೂ ಸೊಂಟದ ತಿರುವಿನಲ್ಲಿ, ಅಂದರೆ ವಾದ್ಯ ನಡುವೆ ಒಳಕ್ಕೆ ಬಾಗುವ ಕಡೆ, ಸೀಳಿತು. ಸೀಳಿದ್ದು ಒಳಮೈ ಅಲ್ಲ, ಉಬ್ಬಿದ ಮೈ.

ಒಂದು ಲೆಕ್ಕ ಮಾಡಿ ನೋಡಿ. 2 ಮಿಲಿಮೀಟರ್ ದಪ್ಪದ ಪಟ್ಟಿಯನ್ನು 30 ಮಿಲಿಮೀಟರ್ ತ್ರಿಜ್ಯದ ಕಾದ ಪೈಪಿನ ಸುತ್ತ ಅರ್ಧ ವೃತ್ತ ಬಗ್ಗಿಸಿದರೆ, ಪೈಪಿಗೆ ತಾಗಿದ ಮೈ 94.2 ಮಿಲಿಮೀಟರ್, ಹೊರಮೈ 100.5. ಸುಮಾರು 6.3 ಮಿಲಿಮೀಟರ್ ವ್ಯತ್ಯಾಸ. ಬಗ್ಗಿಸುವ ಮೊದಲು ಎರಡೂ ಒಂದೇ ಉದ್ದ ಇದ್ದವು, ಅಲ್ವಾ? ಅಂದರೆ ಒಳಮೈ ಕುಗ್ಗಬೇಕು, ಇಲ್ಲವೇ ಹೊರಮೈ ಹಿಗ್ಗಬೇಕು. ಅರ್ಧರ್ಧ ಹಂಚಿಕೊಂಡರೆ ಹೊರಮೈ ಶೇ. 3ಕ್ಕಿಂತ ಜಾಸ್ತಿ ಹಿಗ್ಗಬೇಕಾಗುತ್ತದೆ. ಕಾದ ಮರ ಕುಗ್ಗುವುದರಲ್ಲಿ ಉದಾರ, ಒಳ್ಳೆಯ ಜಾತಿಯದು ಶೇ. 25ರವರೆಗೂ ಕುಗ್ಗುತ್ತದೆ. ಹಿಗ್ಗುವುದು ಮಾತ್ರ ಶೇ. 1ರಿಂದ 2. ಅಷ್ಟೇ. ಅದಕ್ಕಿಂತ ಮುಂದೆ ಹೋದರೆ ನಾರು ಕಿತ್ತುಬರುತ್ತದೆ.

ಹಾಗಾಗಿ ಹೊರಮೈಯನ್ನು ಹಿಗ್ಗಲು ಬಿಡಬಾರದು. ಅದಕ್ಕೆ ತೆಳುವಾದ ತಗಡಿನ ಪಟ್ಟಿಯನ್ನು ಹೊರಮೈಗೆ ಒತ್ತಿಕೊಂಡು, ತುದಿಗಳನ್ನು ಬಿಗಿಯಾಗಿ ಹಿಡಿದು, ತಗಡು ಮರ ಎರಡನ್ನೂ ಒಟ್ಟಿಗೇ ಬಗ್ಗಿಸಬೇಕು. ತಗಡು ಹಿಗ್ಗುವುದಿಲ್ಲ, ಅದಕ್ಕೆ ಅಂಟಿಕೊಂಡ ಮರಕ್ಕೂ ಹಿಗ್ಗಲು ಆಗುವುದಿಲ್ಲ, ಕುಗ್ಗುವ ಕೆಲಸವೆಲ್ಲ ಒಳಮೈಗೆ ಬೀಳುತ್ತದೆ. ಬಗ್ಗಿಸಿದ ಮರದ ಕುರ್ಚಿಗಳಿಗೆ ಹೆಸರಾದ ಮೈಕೆಲ್ ತೋನೆಟ್ ಕುರ್ಚಿಗಳನ್ನು ಆವಿಯಲ್ಲಿ ಬಗ್ಗಿಸುವಾಗ ಕಬ್ಬಿಣದ ಪಟ್ಟಿ ಕಟ್ಟುತ್ತಿದ್ದದ್ದೂ ಇದಕ್ಕೇ. 1859ರಲ್ಲಿ ಬಂದ ಅವನ 14ನೇ ನಂಬರಿನ ಕುರ್ಚಿಯ ಬೆನ್ನು ಹಾಗೆ ಬಾಗಿದ್ದು.

ಇಲ್ಲಿ ಎಚ್ಚರ: ಸೊಂಟ ಒಳಕ್ಕೆ ಬಾಗುತ್ತದೆ, ಮೇಲಿನ ಕೆಳಗಿನ ಹೊಟ್ಟೆ ಹೊರಕ್ಕೆ. ಹಾಗಾಗಿ ತಗಡು ಬರುವ ಮೈ ಬದಲಾಗುತ್ತದೆ. ಯಾವಾಗಲೂ ಉಬ್ಬುವ ಕಡೆಗೆ. ಸೊಂಟವನ್ನೇ ಮೊದಲು ಬಗ್ಗಿಸಿ, ಅದರ ಜಾಗ ತಪ್ಪಿದರೆ ಉಳಿದ ಯಾವುದೂ ಕೂಡುವುದಿಲ್ಲ.

ಪೈಪು, ಕಾವು

ಎರಡು ಇಂಚಿನ ಕಬ್ಬಿಣದ ಪೈಪು ಗುಜರಿ ಅಂಗಡಿಯಲ್ಲಿ ಸಿಗುತ್ತದೆ. ಜಿಐ ಪೈಪು ಬೇಡ, ಅದರ ಮೇಲಿನ ಸತು ಜಾಸ್ತಿ ಕಾದರೆ ಬರುವ ಹೊಗೆ ವಿಷ. ಪೈಪನ್ನು ವೈಸ್‌ಗೆ (ಮೇಜಿನ ಬಿಗಿ ಹಿಡಿಕೆಗೆ) ಸಿಗಿಸಿ, ಒಳಗೆ ಗ್ಯಾಸ್ ಟಾರ್ಚಿನ ಉರಿ ಬಿಡಿ. ಅಂಗಳದಲ್ಲೇ ಮಾಡಿ. ಬಚ್ಚಲ ಒಲೆಯ ಕೆಂಡದಲ್ಲಿ ಪೈಪು ಇಟ್ಟೂ ನೋಡಿದೆ, ಕಾವು ಒಂದೇ ಸಮ ಇರುವುದಿಲ್ಲ.

ಕಾವಿನ ಹದ ನೋಡಲು ದೋಸೆ ಕಾವಲಿಗೆ ಮಾಡುವ ಹಾಗೇ ನೀರು ಚಿಮುಕಿಸಿ. ಹನಿ ಸುಮ್ನೆ ಹರಡಿ ಕೂತರೆ ಇನ್ನೂ ಕಾದಿಲ್ಲ. ಚುಂಯ್ ಅಂತ ತಕ್ಷಣ ಆರಿಹೋದರೆ ಸರಿ. ಹನಿ ಮುತ್ತಿನ ಹಾಗೆ ಉರುಳಿ ಕುಣಿದರೆ ಸುಮಾರು 200 ಡಿಗ್ರಿ ದಾಟಿದೆ, ಮರ ಸುಡುತ್ತದೆ, ಉರಿ ತಗ್ಗಿಸಿ. ಪಟ್ಟಿಯನ್ನು ಪೈಪಿಗೆ ಒತ್ತಿ ಹಿಂದೆ ಮುಂದೆ ಆಡಿಸುತ್ತಿರಿ. ಬಲ ಹಾಕಬೇಡಿ. ಒಂದು ಕ್ಷಣಕ್ಕೆ ಮರ ಕೈಯಲ್ಲಿ ಸೋತಂತೆ ಅನ್ನಿಸುತ್ತದೆ, ಆಗ ಬಗ್ಗಿಸಿ. ಅಚ್ಚಿಗಿಂತ ಸ್ವಲ್ಪ ಜಾಸ್ತಿಯೇ ಬಗ್ಗಿಸಿ, ಹೇಗೂ ಒಂಚೂರು ಹಿಂದಕ್ಕೆ ಬರುತ್ತದೆ.

ಪೈಪಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿಕೊಳ್ಳಿ. ಒಗರಿನ ಅಂಶ ಇರುವ ಹಸಿ ಮರಕ್ಕೆ ಕಬ್ಬಿಣ ತಾಗಿದರೆ ಕಪ್ಪು ಕಲೆ ಬೀಳುತ್ತದೆ.

ಮರ

ಮರದ ಎಳೆ, ಅಂದರೆ ನಾರು ಓಡುವ ದಿಕ್ಕು, ನೇರ ಇರಬೇಕು, ಉಳಿದದ್ದೆಲ್ಲ ಆಮೇಲೆ. ಮೇದಾರ ಅಜ್ಜಿ ಬಿದಿರನ್ನು ಕೊಯ್ಯುವುದಿಲ್ಲ, ಸೀಳುತ್ತಾರೆ. ಸೀಳು ಎಳೆಯ ಜೊತೆಗೇ ಹೋಗುತ್ತದೆ, ಗರಗಸ ತನ್ನ ದಾರಿಯಲ್ಲಿ ಹೋಗುತ್ತದೆ. ನಿಮ್ಮ ಹಲಗೆಯ ಒಂದು ತುಂಡನ್ನು ಉಳಿಯಿಂದ ಸೀಳಿ ನೋಡಿ. ಸೀಳು ಓರೆ ಹೋದರೆ ಆ ಹಲಗೆ ಬಗ್ಗಿಸಲು ಬೇಡ.

ನನ್ನದು ಅಜ್ಜನ ಮನೆಯ ಮುರಿದ ಮಂಚದ ಬೀಟೆ ಹಲಗೆ, ಕೀಸಿ ತೆಳು ಮಾಡಿಸಿದ್ದು. ಹೊಸ ಬೀಟೆ ಮರ ಕಡಿಯುವುದಕ್ಕೂ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಹಾಗಾಗಿ ಹಳೆ ಮಂಚ, ಹಳೆ ಬಾಗಿಲು ಹುಡುಕುವುದೇ ಒಳ್ಳೆಯದು. ಕಾದಾಗ ಅದರಿಂದ ನೇರಳೆ ಬಣ್ಣ ಇಳಿಯುತ್ತದೆ, ಹಾಳೆಗೆಲ್ಲ ಹತ್ತುತ್ತದೆ, ಗಾಬರಿಯಾಗಬೇಡಿ. ಅರವತ್ತು ವರ್ಷ ಹಳೆಯ ಮಂಚದಿಂದಲೂ ಸಿಹಿ ಪರಿಮಳ ಬಂತು, ಅಮ್ಮ ಅಡುಗೆಮನೆ ಬಿಟ್ಟು ಅಂಗಳಕ್ಕೆ ಬಂದು ನಿಂತರು.

ನಾಲ್ಕನೇ ಪಟ್ಟಿಯ ಸೊಂಟದಲ್ಲೂ ಕೂದಲೆಳೆಯಷ್ಟು ಒಂದು ಬಿರುಕಿದೆ. ಪೂರ್ತಿ ಆರಿದ ಮೇಲೆ ತೆಳು ಅಂಟು ಇಳಿಸಿ ಉಜ್ಜುತ್ತೇನೆ, ಈಗ ಹಸಿಯಲ್ಲಿ ಮುಟ್ಟುವುದಿಲ್ಲ. ಅಟ್ಟಕ್ಕೆ ಹಾಕಿ ಇಂದಿಗೆ ಮೂರನೇ ದಿನ. ನಿನ್ನೆ ಬೆಳಿಗ್ಗೆ 63 ಗ್ರಾಂ, ಇವತ್ತು 62. ಇನ್ನೂ ಬಿಚ್ಚುವ ಹಾಗಿಲ್ಲ.